ಸರ್ಕಾರಕ್ಕೂ ಒಂದು ಕೀಲಿಕೈ

ಬೆಳಗಿನ ಹತ್ತು ಶುಭೋದಯ, ನಾಲ್ಕು ಮದುವೆ ಕರೆಯೋಲೆ, ಹಾಲಿನವನ ಲೆಕ್ಕ, ಮಗಳ ಹಾಸ್ಟೆಲ್ ಫೀಸಿನ ರಸೀದಿ, ಗಂಡ ಹೆಂಡಿರ ಒಂದು ಸಣ್ಣ ಜಗಳ. ವಾಟ್ಸ್‌ಆ್ಯಪ್‌ನಲ್ಲಿ ಹೋದ, ಬಂದ ಇಷ್ಟನ್ನೂ ನೀವು ಓದಲು ಬರುವ ರೂಪದಲ್ಲಿ 90 ದಿನ ಕಾಪಿಟ್ಟಿರಬೇಕು. ಪೊಲೀಸರು ಕೇಳಿದಾಗ ತೆಗೆದು ಕೊಡಬೇಕು. ನಡುವೆ ಅಳಿಸಿಬಿಟ್ಟಿರೋ, ನಿಯಮ ಮುರಿದ ಹಾಗೆ.

2015ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಇಲಾಖೆ ಸಾರ್ವಜನಿಕರ ಅಭಿಪ್ರಾಯಕ್ಕೆಂದು ಹೊರಡಿಸಿದ ರಾಷ್ಟ್ರೀಯ ಎನ್‌ಕ್ರಿಪ್ಷನ್ (ಗೂಢಲಿಪಿ) ನೀತಿಯ ಕರಡನ್ನು ಓದಿದವರಿಗೆ ಅರ್ಥವಾದದ್ದು ಇದೇ. ಕರಡು ಕಣ್ಣಿಗೆ ಬಿದ್ದದ್ದೇ ತಡ, ಗದ್ದಲ ಎದ್ದಿತು. ಇಲಾಖೆ ಮೊದಲು ತೇಪೆ ಹಾಕಲು ನೋಡಿತು. ವಾಟ್ಸ್‌ಆ್ಯಪ್, ಫೇಸ್‌ಬುಕ್, ಟ್ವಿಟರ್‌ಗಳಿಗೆ, ಬ್ಯಾಂಕ್ ವ್ಯವಹಾರಕ್ಕೆ ಇದು ಅನ್ವಯಿಸುವುದಿಲ್ಲ ಎಂದು ಒಂದು ಅನುಬಂಧ ಅಂಟಿಸಿತು. ಇವೆಲ್ಲವನ್ನೂ ಬಿಟ್ಟರೆ ಉಳಿಯುವುದೇನು ಎಂದು ಜನ ಕೇಳಿದರು. ಸೆಪ್ಟೆಂಬರ್ 22ರಂದು ಆಗಿನ ಸಚಿವ ರವಿಶಂಕರ್ ಪ್ರಸಾದ್ ಇಡೀ ಕರಡನ್ನೇ ಹಿಂಪಡೆದರು. ತಿದ್ದಿದ ಕರಡು ಬರುತ್ತದೆ ಎಂಬ ಮಾತೂ ಕೇಳಿಬಂತು. ಬರಲಿಲ್ಲ.

ನೀತಿ ಬರಲಿಲ್ಲ, ಆದರೆ ಅದರ ಹಿಂದಿದ್ದ ಆಸೆ ಬತ್ತಲೂ ಇಲ್ಲ. ಲೈಸೆನ್ಸಿನ ಷರತ್ತಾಗಿ, ನಿಯಮಾವಳಿಯ ಯಾವುದೋ ಉಪನಿಯಮವಾಗಿ, ಗೃಹ ಇಲಾಖೆಯ ಆದೇಶವಾಗಿ ಅದು ಬೇರೆ ಬೇರೆ ಬಾಗಿಲಿನಿಂದ ಒಳಗೆ ಬರುತ್ತಲೇ ಇದೆ. ಪ್ರತಿಸಲವೂ ಕೇಳುವುದು ಒಂದನ್ನೇ: ನಿಮ್ಮ ಬೀಗ ಎಷ್ಟು ಭದ್ರವಾಗಿ ಬೇಕಾದರೂ ಇರಲಿ, ನಮ್ಮ ಹತ್ತಿರವೂ ಒಂದು ಕೀಲಿಕೈ ಇರಲಿ.

ಐದೈದರ ಹನ್ನೆರಡು ಗುಂಪು

ವಾಟ್ಸ್‌ಆ್ಯಪ್‌ನಲ್ಲಿ ಪರಿಚಯದವರೊಬ್ಬರ ಹೆಸರು ಒತ್ತಿ, ಕೆಳಗೆ ಸರಿದು, ಎನ್‌ಕ್ರಿಪ್ಷನ್ ಎಂಬ ಸಾಲನ್ನು ಒತ್ತಿ ನೋಡಿ. ಒಂದು ಕ್ಯೂಆರ್ ಚೌಕ, ಅದರ ಕೆಳಗೆ ಐದೈದರ ಹನ್ನೆರಡು ಗುಂಪಾಗಿ 60 ಅಂಕಿಗಳು ಕಾಣುತ್ತವೆ. ಎದುರಿನವರ ಫೋನಿನಲ್ಲೂ ಅವೇ ಅಂಕಿಗಳು ಅದೇ ಕ್ರಮದಲ್ಲಿದ್ದರೆ ನಿಮ್ಮಿಬ್ಬರ ನಡುವೆ ಮೂರನೆಯವರು ಕೂತಿಲ್ಲ ಎಂದು ಅರ್ಥ. ಇಬ್ಬರ ಫೋನುಗಳೂ ಜಗತ್ತಿಗೆ ತೋರಿಸುವ ಬಹಿರಂಗ ಕೀಲಿಗಳಿಂದ ಹುಟ್ಟಿದ ಗುರುತು ಅದು. ಸಂದೇಶ ಬಿಡಿಸುವ ಖಾಸಗಿ ಕೀಲಿ ಮಾತ್ರ ನಿಮ್ಮ ಫೋನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನಡುವಿನ ಸರ್ವರ್ ಹೊತ್ತು ಸಾಗಿಸುವುದು ತಲೆಬುಡ ಇಲ್ಲದ ಅಕ್ಷರರಾಶಿಯನ್ನು. ಕಂಪನಿಯವರೇ ಕೂತು ನೋಡಿದರೂ ಅಲ್ಲಿ ಹಾಲಿನ ಲೆಕ್ಕ ಕಾಣುವುದಿಲ್ಲ.

ಇದರ ಬೇರು 1976ರಲ್ಲಿದೆ. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ಇಬ್ಬರು ಅಮೆರಿಕನ್ನರು ಒಂದು ವಿಚಿತ್ರವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಹಿಂದೆಂದೂ ಭೇಟಿಯಾಗದ ಇಬ್ಬರು, ಎಲ್ಲರೂ ಕದ್ದು ಕೇಳುತ್ತಿರುವ ತಂತಿಯಲ್ಲೇ ಮಾತಾಡಿಕೊಂಡು, ಕದ್ದು ಕೇಳುವವರಿಗೆ ಗೊತ್ತಾಗದ ಗುಟ್ಟೊಂದನ್ನು ನಿಗದಿ ಮಾಡಿಕೊಳ್ಳಬಹುದು. ಅಲ್ಲಿಯವರೆಗೆ ಗೂಢಲಿಪಿ ಸೈನ್ಯದ್ದು, ರಾಯಭಾರ ಕಚೇರಿಗಳದ್ದು. ಅಲ್ಲಿಂದಾಚೆಗೆ ಅದು ಯಾರದ್ದೂ ಆಗಬಹುದಿತ್ತು, ಆಯಿತು ಕೂಡ. 2016ರ ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ತನ್ನ ಎಲ್ಲ ಸಂದೇಶ, ಕರೆಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಅಳವಡಿಸಿತು. 2021ರಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ ಅದರ ಬಳಕೆದಾರರು 53 ಕೋಟಿ. ರಾಜತಾಂತ್ರಿಕರಿಗೆ ಮಾತ್ರ ಇದ್ದ ಸೌಲಭ್ಯ ತರಕಾರಿ ಅಂಗಡಿಯವರ ಜೇಬಿಗೂ ಬಂತು, ಅದೂ ಅವರಿಗೆ ಗೊತ್ತೇ ಆಗದಂತೆ.

ಸರ್ಕಾರದ ತಳಮಳ ಶುರುವಾಗುವುದು ಇಲ್ಲೇ. 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದ ನಡುವೆ ಯಾವಾಗಲೂ ಒಬ್ಬರು ಇರುತ್ತಿದ್ದರು. ತಾರು ಕಳಿಸಿದರೆ ತಾರು ಕಚೇರಿಯವರು ಓದುತ್ತಿದ್ದರು, ಟ್ರಂಕ್ ಕಾಲ್ ಮಾಡಿದರೆ ಆಪರೇಟರ್ ಕೇಳಿಸಿಕೊಳ್ಳುತ್ತಿದ್ದರು. ನಡುವಿನವರಿಗೆ ಒಂದು ಆದೇಶ ಕೊಟ್ಟರೆ ಕೆಲಸ ಮುಗಿಯಿತು. ಈಗ ನಡುವಿನವರ ಹತ್ತಿರ ಕೊಡಲು ಏನೂ ಇಲ್ಲ. ಯಾರು, ಯಾರಿಗೆ, ಯಾವಾಗ ಕಳಿಸಿದರು ಎಂಬಂಥ ಹೊರಗಿನ ವಿವರ ಸಿಗಬಹುದು. ತನಿಖೆಗೆ ಅದು ಸಣ್ಣ ಸುಳಿವೇನಲ್ಲ. ಒಳಗಿನ ಮಾತು ಮಾತ್ರ ಸಿಗುವುದಿಲ್ಲ.

ನಲವತ್ತು ಬಿಟ್‌ನ ಬೀಗ

ದುರ್ಬಲ ಬೀಗವನ್ನೇ ಬಳಸಿ ಎಂದು ಸರ್ಕಾರಗಳು ಹೇಳಿದ್ದು ಹೊಸದಲ್ಲ. ಅಮೆರಿಕ 1990ರ ದಶಕದಲ್ಲಿ ಬಲವಾದ ಗೂಢಲಿಪಿಯನ್ನು ಮದ್ದುಗುಂಡುಗಳ ಪಟ್ಟಿಯಲ್ಲಿ ಸೇರಿಸಿ ರಫ್ತು ನಿರ್ಬಂಧಿಸಿತ್ತು. ಫಿಲ್ ಝಿಮ್ಮರ್‌ಮನ್ ಎಂಬ ಪ್ರೋಗ್ರಾಮರ್ 1991ರಲ್ಲಿ ಪಿಜಿಪಿ ಎಂಬ ಸಂದೇಶ ರಕ್ಷಣೆಯ ತಂತ್ರಾಂಶ ಬರೆದು ಹಂಚಿದಾಗ, ಅದು ಗಡಿ ದಾಟಿತೆಂದು ಅವರ ಮೇಲೆ ಕ್ರಿಮಿನಲ್ ತನಿಖೆ ನಡೆಯಿತು. 1996ರ ಜನವರಿಯಲ್ಲಿ ಅದನ್ನು ಕೈಬಿಟ್ಟರು. ಆ ಹೊತ್ತಿಗೆ ಪ್ರೋಗ್ರಾಮಿನ ಸಾಲುಗಳನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿಯಾಗಿತ್ತು. ತಂತ್ರಾಂಶ ರಫ್ತು ಮಾಡಿದರೆ ಅಪರಾಧ, ಪುಸ್ತಕ ಕಳಿಸಿದರೆ ವಾಕ್ ಸ್ವಾತಂತ್ರ್ಯ! ಮುಂದೆ ಯುರೋಪಿನಲ್ಲಿ ಇಂಥ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಮತ್ತೆ ತಂತ್ರಾಂಶ ಮಾಡಿಕೊಂಡರು.

ಹೊರದೇಶಗಳಿಗೆ ಹೋಗುವ ಬ್ರೌಸರುಗಳಿಗೆ ಅಮೆರಿಕ ಆಗ ಇಟ್ಟಿದ್ದ ಮಿತಿ 40 ಬಿಟ್ ಉದ್ದದ ಕೀಲಿ. ಎಂದರೆ ಬೀಗಕ್ಕೆ ಹೊಂದಬಹುದಾದ ಕೀಲಿಗಳು ಸುಮಾರು 1.1 ಲಕ್ಷ ಕೋಟಿ. ಕೇಳಲು ದೊಡ್ಡದು. 1995ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಡಾಮಿಯನ್ ಡೊಲಿಗೇ ಸುಮಾರು 120 ಕಂಪ್ಯೂಟರುಗಳಿಗೆ ಕೆಲಸ ಹಚ್ಚಿ, ಒಂದೊಂದೇ ಕೀಲಿ ಹಾಕಿ ನೋಡುತ್ತಾ ಎಂಟು ದಿನಗಳಲ್ಲಿ ಅಂಥ ಒಂದು ಬೀಗ ತೆಗೆದರು. 1997ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಗೋಲ್ಡ್‌ಬರ್ಗ್ 250 ಕಂಪ್ಯೂಟರುಗಳನ್ನು ಜೋಡಿಸಿಕೊಂಡು 40 ಬಿಟ್‌ನ ಇನ್ನೊಂದು ಸವಾಲನ್ನು ಮೂರೂವರೆ ಗಂಟೆಯಲ್ಲಿ ಮುಗಿಸಿದರು.

ಇಷ್ಟೆಲ್ಲ ಆದ ಮೇಲೂ ನಮ್ಮ ದೂರಸಂಪರ್ಕ ಇಲಾಖೆ ಇಂಟರ್‌ನೆಟ್ ಸೇವಾ ಕಂಪನಿಗಳ ಲೈಸೆನ್ಸಿನಲ್ಲಿ ಬರೆದದ್ದೇನು? ವ್ಯಕ್ತಿಗಳು, ಗುಂಪುಗಳು, ಸಂಸ್ಥೆಗಳು 40 ಬಿಟ್‌ವರೆಗಿನ ಎನ್‌ಕ್ರಿಪ್ಷನ್ ಅನ್ನು ಅನುಮತಿ ಇಲ್ಲದೆ ಬಳಸಬಹುದು. ಅದಕ್ಕಿಂತ ಹೆಚ್ಚಿನದು ಬೇಕಾದರೆ ಅನುಮತಿ ಪಡೆಯಬೇಕು, ಬಿಡಿಸುವ ಕೀಲಿಯನ್ನು ಎರಡು ತುಂಡು ಮಾಡಿ ಇಲಾಖೆಯಲ್ಲಿ ಠೇವಣಿ ಇಡಬೇಕು. ಷರತ್ತು ಬರೆದವರು ಅದರಲ್ಲಿ ಆರ್‌ಎಸ್‌ಎ ಎಂಬ ಪದ್ಧತಿಯ ಹೆಸರನ್ನೂ ಸೇರಿಸಿದ್ದರು. ಆರ್‌ಎಸ್‌ಎಯ ಬಲ ಇರುವುದು ಒಂದು ದೊಡ್ಡ ಸಂಖ್ಯೆಯನ್ನು ಅಪವರ್ತನ ಮಾಡುವ ಕಷ್ಟದಲ್ಲಿ. ಅದರಲ್ಲಿ 40 ಬಿಟ್ ಎಂದರೆ ಹನ್ನೆರಡು ಹದಿಮೂರು ಅಂಕಿಯ ಸಂಖ್ಯೆ. ಅದನ್ನು ಒಡೆಯಲು ಗೂಢಚಾರರು ಬೇಕಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಯಾವ ಕಂಪ್ಯೂಟರೂ ಒಡೆದೀತು.

ಇತ್ತ ರಿಸರ್ವ್ ಬ್ಯಾಂಕ್ 2001ರ ಜೂನ್‌ನಲ್ಲಿ ಇಂಟರ್‌ನೆಟ್ ಬ್ಯಾಂಕಿಂಗ್‌ಗೆ ಮಾರ್ಗಸೂಚಿ ಹೊರಡಿಸಿ, ಕನಿಷ್ಠ 128 ಬಿಟ್ ಎನ್‌ಕ್ರಿಪ್ಷನ್ ಇರಲೇಬೇಕು ಎಂದಿತು. ಅಂದರೆ ಬ್ಯಾಂಕಿನ ವೆಬ್‌ಸೈಟ್ ತೆರೆದು ಖಾತೆ ನೋಡಿಕೊಂಡ ಗ್ರಾಹಕ ಒಂದು ಇಲಾಖೆಯ ಆಜ್ಞೆಯನ್ನು ಪಾಲಿಸುತ್ತಾ ಇನ್ನೊಂದು ಇಲಾಖೆಯ ಷರತ್ತನ್ನು ಮುರಿಯುತ್ತಿದ್ದ. ಲಕ್ಷಾಂತರ ಜನ ದಿನವೂ ಮುರಿದರು, ಯಾರೂ ಕೇಳಲಿಲ್ಲ. ಮುಂದೆ ಏಕೀಕೃತ ಲೈಸೆನ್ಸ್ ಬಂದಾಗ, ಗ್ರಾಹಕರ ಎನ್‌ಕ್ರಿಪ್ಷನ್ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ನೀತಿ ನಿಯಮಗಳ ಪ್ರಕಾರ ಎಂದು ಬರೆದರು. ಆ ನಿಯಮಗಳನ್ನು ಮಾಡಲು ಅಧಿಕಾರ ಕೊಡುವ ಸೆಕ್ಷನ್ 84ಎ ಕಾಯ್ದೆಯಲ್ಲಿದೆ. ಅದರ ಅಡಿಯಲ್ಲಿ ಬಂದ ಕರಡೇ 2015ರಲ್ಲಿ ವಾಪಸಾದದ್ದು.

ಹಳೆಯ ದುರ್ಬಲ ಬೀಗದ ಕಥೆ ಅಲ್ಲಿಗೂ ಮುಗಿಯಲಿಲ್ಲ. ಅಮೆರಿಕ ರಫ್ತು ಮಿತಿ ಸಡಿಲಿಸಿದ್ದು 2000ದ ಹೊತ್ತಿಗೆ. ಹದಿನೈದು ವರ್ಷದ ನಂತರ, 2015ರಲ್ಲಿ, ಸಂಶೋಧಕರಿಗೆ ಫ್ರೀಕ್ ಎಂದು ಹೆಸರಾದ ಒಂದು ದೋಷ ಸಿಕ್ಕಿತು. ರಫ್ತಿಗೆಂದು ಹಾಕಿದ್ದ ದುರ್ಬಲ ಕೀಲಿಯ ವ್ಯವಸ್ಥೆಯನ್ನು ಎಷ್ಟೋ ಸರ್ವರುಗಳಿಂದ, ಬ್ರೌಸರುಗಳಿಂದ ಯಾರೂ ತೆಗೆದೇ ಇರಲಿಲ್ಲ. ದಾಳಿಕೋರ ಹೊಸ ಬ್ರೌಸರನ್ನು ಪುಸಲಾಯಿಸಿ ಆ ಹಳೆ ಕೀಲಿಗೆ ಇಳಿಸಬಹುದಿತ್ತು. ಹಾಗೆ ಸಿಕ್ಕಿಬಿದ್ದ ತಾಣಗಳಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಯ ವೆಬ್‌ಸೈಟೂ ಇತ್ತು.

ಸಂದೇಶ ನೋಡಲು ಬಿಡಿ ಎಂದು ಬ್ಲ್ಯಾಕ್‌ಬೆರಿ ಫೋನ್ ಕಂಪನಿಗೂ ಸರ್ಕಾರ ಗಂಟುಬಿದ್ದಿತ್ತು. 2008ರಿಂದ 2013ರವರೆಗೆ ಸರ್ಕಾರ ಗಡುವಿನ ಮೇಲೆ ಗಡುವು ಕೊಟ್ಟಿತು. ಕಂಪನಿ ಸಾಮಾನ್ಯ ಗ್ರಾಹಕರ ಸಂದೇಶ ನೋಡಲು ದಾರಿ ಮಾಡಿಕೊಟ್ಟಿತು, ದೊಡ್ಡ ಕಂಪನಿಗಳ ಇಮೇಲ್ ಸರ್ವರಿಗೆ ಕೈ ಹಾಕಲಿಲ್ಲ. ಕಾರ್ಪೊರೇಟ್ ಅಧಿಕಾರಿಯ ಗುಟ್ಟಿಗೆ ಒಂದು ಬೆಲೆ, ಕಾಲೇಜು ಹುಡುಗನ ಗುಟ್ಟಿಗೆ ಇನ್ನೊಂದು.

ಮುರ್ಕಿಯ ರಸ್ತೆ

ವಾಟ್ಸ್‌ಆ್ಯಪ್ ಜೊತೆಗಿನ ಈಗಿನ ಜಗಳಕ್ಕೆ ಕಾರಣವಾದ ಸಾವುಗಳಲ್ಲಿ ಒಂದು ನಮ್ಮ ರಾಜ್ಯದಲ್ಲೇ ಆಯಿತು. 2018ರ ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಯ ಔರಾದ್ ಕಡೆಗೆ ಬಂದಿದ್ದ ಸ್ನೇಹಿತರ ಗುಂಪೊಂದು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾರಿತು. ಅವರು ಕಾರು ಹತ್ತಿ ಹೊರಟರೂ ಸುದ್ದಿ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ಮುಟ್ಟಿತ್ತು. ರಸ್ತೆಗೆ ಅಡ್ಡ ಹಾಕಿದ್ದರು, ಕಾರು ಉರುಳಿತು. ಪೊಲೀಸರು ತಾವೂ ಪೆಟ್ಟು ತಿಂದು ಉಳಿದವರನ್ನು ಬದುಕಿಸಿದರು. ಒಬ್ಬ ಎಂಜಿನಿಯರ್ ಸತ್ತುಹೋದ. ಅದಕ್ಕೆ ಎರಡು ತಿಂಗಳ ಹಿಂದೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕೂಲಿಯೊಬ್ಬ ಇದೇ ಗುಮಾನಿಗೆ ಬಲಿಯಾಗಿದ್ದ. ಅದೇ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಐವರನ್ನು ಕೊಂದರು.

ಸುದ್ದಿ ಹುಟ್ಟಿಸಿದವರು ಯಾರು ಎಂಬ ಕೋಪದ ಪ್ರಶ್ನೆಗೆ ಕೇಂದ್ರ ಕಂಡುಕೊಂಡ ಉತ್ತರ 2021ರ ಫೆಬ್ರುವರಿ 25ರ ಐಟಿ ನಿಯಮಗಳು. ಅವುಗಳ 4(2)ನೇ ನಿಯಮದ ಪ್ರಕಾರ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಸಂದೇಶ ಸೇವೆಗಳು ಯಾವುದೇ ಸಂದೇಶದ ಮೊದಲ ಮೂಲವನ್ನು ಗುರುತಿಸಲು ಸಾಧ್ಯವಾಗುವಂತೆ ತಮ್ಮ ವ್ಯವಸ್ಥೆಯನ್ನು ಬದಲಿಸಿಕೊಳ್ಳಬೇಕು. ಸಂದೇಶದಲ್ಲಿ ಏನಿದೆ ಎಂದು ಹೇಳಬೇಡಿ, ಮೊದಲು ಕಳಿಸಿದವರು ಯಾರೆಂದು ಮಾತ್ರ ಹೇಳಿ ಎಂಬುದು ಸರ್ಕಾರದ ವಾದ. ಕೇಳಲು ನ್ಯಾಯವಾಗಿಯೇ ಇದೆ.

ಆಚರಣೆಗೆ ತರಲು ಹೊರಟರೆ ತೊಡಕು ಗೊತ್ತಾಗುತ್ತದೆ. ಒಂದು ದಾರಿ, ಪ್ರತಿ ಸಂದೇಶಕ್ಕೂ ಅದರ ಅಕ್ಷರಗಳಿಂದ ಲೆಕ್ಕ ಹಾಕಿದ ಒಂದು ಬೆರಳಚ್ಚು, ಅಂದರೆ ಹ್ಯಾಶ್, ಇಟ್ಟುಕೊಂಡು ಹೋಲಿಸುವುದು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಾಲಿಗೆ ಒಂದು ಬೆರಳಚ್ಚು ಇರುತ್ತದೆ. ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದರೆ ಬೆರಳಚ್ಚು ಪೂರ್ತಿ ಬೇರೆ, ಹೊಸ ಮೂಲ ಹುಟ್ಟಿತು. ಹುಷಾರಾದ ಕಿಡಿಗೇಡಿಗೆ ಒಂದು ಚುಕ್ಕೆ ಸಾಕು. ಏನೂ ತಿಳಿಯದೆ ಹಾಗೇ ಮುಂದೂಡಿದ ಅಮಾಯಕ ಸಿಕ್ಕಿಬೀಳುತ್ತಾನೆ. ಇನ್ನೊಂದು ದಾರಿ, ಪ್ರತಿ ಸಂದೇಶದ ಜೊತೆ ಮೊದಲು ಬರೆದವರ ಗುರುತನ್ನು ಅಂಟಿಸಿ ಕಳಿಸುವುದು. ಐಐಟಿ ಮದ್ರಾಸಿನ ವಿ. ಕಾಮಕೋಟಿ 2019ರಲ್ಲಿ ಮದ್ರಾಸ್ ಹೈಕೋರ್ಟಿಗೆ ಸೂಚಿಸಿದ್ದು ಇದನ್ನೇ. ಐಐಟಿ ಬಾಂಬೆಯ ಮನೋಜ್ ಪ್ರಭಾಕರನ್ ಅದಕ್ಕೆ ಆಕ್ಷೇಪ ಬರೆದರು. ತಿದ್ದಿದ ಆ್ಯಪ್ ಬಳಸಿ ಆ ಗುರುತನ್ನೇ ಸುಳ್ಳು ಮಾಡಬಹುದು, ಬೇರೆಯವರ ತಲೆಗೆ ಕಟ್ಟಬಹುದು ಎಂಬುದು ಅವರ ವಾದದ ತಿರುಳು. ಎರಡರಲ್ಲಿ ಯಾವುದನ್ನು ಹಿಡಿದರೂ ಒಬ್ಬ ಕಿಡಿಗೇಡಿಯನ್ನು ಹುಡುಕುವ ಸಲುವಾಗಿ 53 ಕೋಟಿ ಜನರ ಪ್ರತಿ ಮಾತಿನ ಲೆಕ್ಕ ಮುಂಚಿತವಾಗಿಯೇ ಬರೆದಿಡಬೇಕು. ನಾಳೆ ಯಾವ ಸಂದೇಶ ಅಪರಾಧವಾಗುತ್ತದೆ ಎಂದು ಇವತ್ತು ಗೊತ್ತಿರುವುದಿಲ್ಲವಲ್ಲ.

ಅಷ್ಟು ಮಾಡಿದರೂ ಮೂಲ ಸಿಕ್ಕೀತೆ? 2018ರಲ್ಲಿ ದೇಶದ ಹಲವು ಕಡೆ ಒಂದು ವಿಡಿಯೊ ಹರಿದಾಡಿತ್ತು: ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗೆಂದು ಮಾಡಿದ ಕಿರುಚಿತ್ರದ ತುಂಡು. ಪೂರ್ತಿ ಚಿತ್ರದಲ್ಲಿ ಅವರು ಮಗುವನ್ನು ವಾಪಸ್ ತಂದುಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಮೊದಲ ಮೂಲ ಹುಡುಕುತ್ತಾ ಹೋದರೆ ಸಿಗುವುದು ಮಕ್ಕಳಿಗಾಗಿ ದುಡಿಯುವ ಒಂದು ಸಂಸ್ಥೆ! ಮೂಲ ವಿದೇಶದಲ್ಲಿದ್ದರೆ ಭಾರತದಲ್ಲಿ ಮೊದಲು ಕಳಿಸಿದವರನ್ನೇ ಮೂಲ ಎಂದುಕೊಳ್ಳಿ ಎನ್ನುತ್ತದೆ ನಿಯಮ. ಆ ಮೊದಲಿಗ ಗಾಬರಿಬಿದ್ದ ಯಾವುದೋ ತಾಯಿಯೂ ಆಗಿರಬಹುದು.

ಮುರ್ಕಿಯಲ್ಲಿ ಪೊಲೀಸರಿಗೆ ಎನ್‌ಕ್ರಿಪ್ಷನ್ ಅಡ್ಡ ಬರಲಿಲ್ಲ ಎಂಬುದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಸುದ್ದಿ ಹಬ್ಬಿಸಿದ ಗುಂಪಿನ ಅಡ್ಮಿನ್, ವಿಡಿಯೊ ಹಂಚಿದವರು, ಹಲ್ಲೆಯಲ್ಲಿ ಸೇರಿದವರು ಬೇಗನೇ ಬಂಧಿತರಾದರು. ನೂರಾರು ಜನರಿರುವ ಗುಂಪಿನಲ್ಲಿ ಹೋದ ಸಂದೇಶ ನೂರಾರು ಫೋನುಗಳಲ್ಲಿ ಬಿಡಿಸಿದ ರೂಪದಲ್ಲೇ ಕೂತಿರುತ್ತದೆ. ಒಬ್ಬರ ಫೋನು ಸಿಕ್ಕರೆ ಸಾಕು. ಇತ್ತ ವಾಟ್ಸ್‌ಆ್ಯಪ್ 2018ರ ಜುಲೈನಲ್ಲೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡಬಹುದು ಎಂಬ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಅದಾಗಲೇ ಅನೇಕ ಸಲ ಮುಂದೂಡಿದ ಸಂದೇಶಕ್ಕೆ ಒಮ್ಮೆಗೆ ಒಂದೇ ಕಡೆ ಎಂದು ಬಿಗಿ ಮಾಡಿತು. ಅಂಥ ಸಂದೇಶಗಳ ಹರಿದಾಟ ಶೇ 70ರಷ್ಟು ತಗ್ಗಿತೆಂದು ಕಂಪನಿ ಹೇಳಿಕೊಂಡಿದೆ. ಕಂಪನಿಯ ಮಾತು, ಎಷ್ಟು ನಂಬಬೇಕೋ ಅಷ್ಟು ನಂಬೋಣ. ಆದರೆ ಯಾರ ಬೀಗವನ್ನೂ ಒಡೆಯದೆ ಮಾಡಿದ ಕೆಲಸ ಅದು.

ನಿಯಮದ ವಿರುದ್ಧ ವಾಟ್ಸ್‌ಆ್ಯಪ್ 2021ರ ಮೇನಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಅದರ ವಕೀಲರು, ಎನ್‌ಕ್ರಿಪ್ಷನ್ ಮುರಿಯಲೇಬೇಕೆಂದರೆ ವಾಟ್ಸ್‌ಆ್ಯಪ್ ಭಾರತದಿಂದ ಹೊರಟುಹೋಗುತ್ತದೆ ಎಂದುಬಿಟ್ಟರು. ಜನರ ಖಾಸಗಿತನದ ವಕಾಲತ್ತು ವಹಿಸಿಕೊಂಡು ನಿಂತದ್ದು ವಾಟ್ಸ್‌ಆ್ಯಪ್‌ನ ಒಡೆಯ ಮೆಟಾ ಕಂಪನಿ ಎಂಬುದು ಈ ಕಾಲದ ದೊಡ್ಡ ವ್ಯಂಗ್ಯ. ಜನರ ಆಸಕ್ತಿ ಅಳೆದು ಜಾಹೀರಾತು ಮಾರಿ ಬೆಳೆದ ಕಂಪನಿ ಅದು. ವಕೀಲ ಸಾಚಾ ಅಲ್ಲ ಎಂದ ಮಾತ್ರಕ್ಕೆ ವಾದ ಸುಳ್ಳಾಗುವುದಿಲ್ಲ.

ಪೊಲೀಸರ ದೂರು

ಇನ್ನೊಂದು ಕಡೆಯ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2023ರ ಡಿಸೆಂಬರ್ 1ರ ಬೆಳಗ್ಗೆ ಬೆಂಗಳೂರು ಮತ್ತು ಸುತ್ತಲಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ಅಪ್ಪ ಅಮ್ಮಂದಿರು ಬಿಸಿಲಿನಲ್ಲಿ ಗೇಟಿನ ಹೊರಗೆ ನಿಂತಿದ್ದರು. ಆ ಹೊತ್ತಿನಲ್ಲಿ ಯಾರಿಗೂ ಗೂಢಲಿಪಿಯ ಗಣಿತದ ಮೇಲೆ ಪ್ರೀತಿ ಬರಲಾರದು. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ನಿವೃತ್ತರ ಉಳಿತಾಯ ದೋಚುವವರು ಬರುವುದೂ ಇದೇ ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲಿ.

ಬೆಂಗಳೂರಿನ ಕಂಪನಿಯೊಂದರ ಉದ್ಯೋಗಿಯ ಬಗ್ಗೆ ಅಶ್ಲೀಲ ಮಾತು, ಕೃತಕ ಬುದ್ಧಿಮತ್ತೆಯಿಂದ ತಿರುಚಿದ ಚಿತ್ರಗಳುಳ್ಳ ಇಮೇಲ್‌ಗಳು ಎನ್‌ಕ್ರಿಪ್ಷನ್ ಇರುವ, ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಸೇವೆಯ ಮೂಲಕ ಬಂದವು. ಕಂಪನಿ ಕರ್ನಾಟಕ ಹೈಕೋರ್ಟಿನ ಮೊರೆ ಹೋಯಿತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಐಟಿ ಕಾಯ್ದೆಯ 69ಎ ಸೆಕ್ಷನ್ ಅಡಿಯಲ್ಲಿ ಆ ಇಡೀ ಸೇವೆಯನ್ನು ದೇಶದಲ್ಲಿ ನಿರ್ಬಂಧಿಸುವ ಪ್ರಕ್ರಿಯೆ ಕೈಗೊಳ್ಳುವಂತೆ ಕೇಂದ್ರಕ್ಕೆ ನಿರ್ದೇಶಿಸಿದರು. ನೊಂದವರ ಸಂಕಟ ದೊಡ್ಡದು, ಅದಕ್ಕೆ ಪರಿಹಾರ ಸಿಗಲೇಬೇಕು. ಆದರೆ ಹಾಗೆ ಮಾಡಿದವ ನಾಳೆ ಇನ್ನೊಂದು ದೇಶದ ಇನ್ನೊಂದು ಇಮೇಲ್ ಹಿಡಿಯುತ್ತಾನೆ. ಇಲ್ಲಿ ನಿಂತುಹೋಗುವುದು ಅದನ್ನು ನೆಟ್ಟಗೆ ಬಳಸುತ್ತಿದ್ದ ವಕೀಲರ, ಪತ್ರಕರ್ತರ, ವೈದ್ಯರ ಕೆಲಸ. 2023ರ ಮೇನಲ್ಲಿ ಜಮ್ಮು–ಕಾಶ್ಮೀರದ ಉಗ್ರರು ಬಳಸುತ್ತಾರೆಂದು 14 ಆ್ಯಪ್‌ಗಳನ್ನು ನಿಷೇಧಿಸಿದಾಗಲೂ ಹೀಗೇ ಆಯಿತು. ಅದರಲ್ಲಿದ್ದ ಬ್ರಯರ್ ಎಂಬ ಆ್ಯಪ್ ಇಂಟರ್‌ನೆಟ್ ಇಲ್ಲದಿದ್ದಾಗಲೂ ಬ್ಲೂಟೂತ್‌ನಲ್ಲಿ ಫೋನಿಂದ ಫೋನಿಗೆ ಸಂದೇಶ ದಾಟಿಸುತ್ತದೆ. ಪ್ರವಾಹದಲ್ಲಿ ಟವರ್ ಬಿದ್ದ ಊರಿಗೂ ಬೇಕಾದ ಸಾಧನ ಅದು.

ಬೀಗ ಒಡೆಯದೆ ಸರ್ಕಾರ ಕುರುಡಾಗಿ ಕೂತಿದೆ ಎಂಬ ಮಾತನ್ನೂ ನಾನು ನಂಬಲಾರೆ. 2019ರಲ್ಲಿ ವಾಟ್ಸ್‌ಆ್ಯಪ್ ತನ್ನ 1,400 ಬಳಕೆದಾರರ ಫೋನುಗಳಿಗೆ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಕುತಂತ್ರಾಂಶ ನುಗ್ಗಿಸುವ ಯತ್ನ ನಡೆಯಿತು ಎಂದು ಬಹಿರಂಗಪಡಿಸಿತು. ಅವರಲ್ಲಿ ಭಾರತೀಯ ಪತ್ರಕರ್ತರೂ, ಹಕ್ಕುಗಳ ಹೋರಾಟಗಾರರೂ ಇದ್ದರು. ಆ ಕಂಪನಿ ತಾನು ಸರ್ಕಾರಗಳಿಗೆ ಮಾತ್ರ ಮಾರುತ್ತೇನೆ ಎನ್ನುತ್ತದೆ. ಕೊಂಡೆವು ಎಂದು ನಮ್ಮ ಸರ್ಕಾರ ಹೇಳಿಲ್ಲ, ಕೊಂಡಿಲ್ಲ ಎಂದೂ ಸುಪ್ರೀಂ ಕೋರ್ಟಿಗೆ ನೇರವಾಗಿ ಹೇಳಲಿಲ್ಲ. ಕೋರ್ಟ್ ನೇಮಿಸಿದ ತಜ್ಞರ ಸಮಿತಿ 29 ಫೋನು ಪರೀಕ್ಷಿಸಿ ಐದರಲ್ಲಿ ಯಾವುದೋ ಕುತಂತ್ರಾಂಶ ಕಂಡಿತು. ಅದು ಪೆಗಾಸಸ್ಸೇ ಎಂಬುದಕ್ಕೆ ಖಚಿತ ಪುರಾವೆ ಸಿಗಲಿಲ್ಲ. ಸರ್ಕಾರ ತನಿಖೆಗೆ ಸಹಕರಿಸಲಿಲ್ಲವೆಂಬ ಸಮಿತಿಯ ಮಾತನ್ನು ಮುಖ್ಯ ನ್ಯಾಯಮೂರ್ತಿಗಳು 2022ರ ಆಗಸ್ಟ್‌ನಲ್ಲಿ ತೆರೆದ ಕೋರ್ಟಿನಲ್ಲೇ ಹೇಳಿದರು.

ಎರಡನೇ ಕೀಲಿಕೈ ಯಾರ ಕೈಗೆ ಸಿಕ್ಕಿತು

ಸರ್ಕಾರದ ಅನುಕೂಲಕ್ಕೆಂದು ಮಾಡಿಸಿದ ಬಾಗಿಲಿನಿಂದ ಬೇರೆಯವರು ಒಳಬಂದ ಉದಾಹರಣೆಗಳು ಬೇಕಾದಷ್ಟಿವೆ. ಅಥೆನ್ಸ್ ಒಲಿಂಪಿಕ್ಸ್ ನಡೆದ 2004ರಲ್ಲಿ ವೊಡಾಫೋನ್ ಗ್ರೀಸ್ ಕಂಪನಿಯ ಸ್ವಿಚ್‌ಗಳ ಒಳಗೆ ಯಾರೋ ಸೇರಿಕೊಂಡರು. ಪೊಲೀಸರ ಕದ್ದಾಲಿಕೆಗೆಂದು ಇದ್ದ ತಂತ್ರಾಂಶವನ್ನೇ ಚಾಲೂ ಮಾಡಿಕೊಂಡು ನೂರಕ್ಕೂ ಹೆಚ್ಚು ಫೋನುಗಳನ್ನು ತಿಂಗಳುಗಟ್ಟಲೆ ಆಲಿಸಿದರು. ಕದ್ದು ಕೇಳಿಸಿಕೊಂಡವರ ಪಟ್ಟಿಯಲ್ಲಿ ಪ್ರಧಾನಿ ಕೋಸ್ತಾಸ್ ಕರಮನ್ಲಿಸ್ ಅವರೂ ಇದ್ದರು. ಅಮೆರಿಕದಲ್ಲಿ 1994ರ ಕಾನೂನು ಟೆಲಿಫೋನ್ ಕಂಪನಿಗಳೆಲ್ಲ ಕದ್ದಾಲಿಕೆಗೆ ಅನುಕೂಲ ಮಾಡಿಟ್ಟಿರಬೇಕು ಎಂದಿತ್ತು. 2024ರಲ್ಲಿ ಸಾಲ್ಟ್ ಟೈಫೂನ್ ಎಂಬ ಹೆಸರಿನ ಚೀನಾ ನಂಟಿನ ಹ್ಯಾಕರುಗಳು ದೊಡ್ಡ ದೊಡ್ಡ ಕಂಪನಿಗಳ ಜಾಲಕ್ಕೆ ನುಗ್ಗಿ ಆ ಅನುಕೂಲಕ್ಕೇ ಕೈ ಹಾಕಿದ್ದರು. ಆ ಡಿಸೆಂಬರ್‌ನಲ್ಲಿ ಅಮೆರಿಕದ ಅಧಿಕಾರಿಗಳು ಕೊಟ್ಟ ಸಲಹೆ: ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇರುವ ಆ್ಯಪ್‌ಗಳನ್ನೇ ಬಳಸಿ. ಎನ್‌ಕ್ರಿಪ್ಷನ್‌ನಿಂದ ತನಿಖೆಗೆ ಕತ್ತಲು ಕವಿಯುತ್ತಿದೆ ಎಂದು ವರ್ಷಗಟ್ಟಲೆ ಗೋಳಾಡಿದ ಎಫ್‌ಬಿಐಯೂ ಸಲಹೆ ಕೊಟ್ಟ ಆ ಬ್ರೀಫಿಂಗಿನಲ್ಲಿತ್ತು. ಬ್ರಿಟನ್ನಿಗೆ ಆ ಪಾಠ ತಟ್ಟಲಿಲ್ಲವೇನೋ. ಗ್ರಾಹಕರ ಮಾಹಿತಿಗೆ ದಾರಿ ಕೊಡಿ ಎಂದು ಅಲ್ಲಿನ ಸರ್ಕಾರ ಗುಟ್ಟಾಗಿ ಒತ್ತಾಯಿಸಿದ ಸುದ್ದಿಯ ಬೆನ್ನಿಗೇ ಆ್ಯಪಲ್ 2025ರ ಫೆಬ್ರುವರಿಯಲ್ಲಿ ಐಕ್ಲೌಡ್‌ನ ಹೆಚ್ಚುವರಿ ಎನ್‌ಕ್ರಿಪ್ಷನ್ ಸೌಲಭ್ಯವನ್ನು ಬ್ರಿಟನ್ನಿನ ಗ್ರಾಹಕರಿಂದ ಹಿಂತೆಗೆದುಕೊಂಡಿತು.

ಹೊರಗಿನ ಕಳ್ಳರ ಮಾತು ಬಿಡಿ, ಒಳಗಿನವರು? ಕನ್ನಡಿಗರಿಗೆ ಇದನ್ನು ಗ್ರೀಸ್ ಕಲಿಸಬೇಕಾಗಿಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದು ದೂರವಾಣಿ ಕದ್ದಾಲಿಕೆಯ ಆರೋಪ ಎದ್ದಾಗ, ನೈತಿಕ ಹೊಣೆ ಹೊತ್ತು. 2019ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾದಾಗ ಮತ್ತೆ ಅಂಥದೇ ಆರೋಪ ಎದ್ದು ತನಿಖೆ ಸಿಬಿಐ ಕೈಗೆ ಹೋಯಿತು. ಎರಡು ಸಲವೂ ಕೇಳಿಬಂದ ಹೆಸರುಗಳು ಭಯೋತ್ಪಾದಕರದ್ದಲ್ಲ. ರಾಜಕಾರಣಿಗಳದ್ದು, ಅಧಿಕಾರಿಗಳದ್ದು, ಅವರ ಸುತ್ತಮುತ್ತಲಿನವರದ್ದು.

ಸಹಿ ಯಾರದು

ನನ್ನ ಮಟ್ಟಿಗೆ ಇಡೀ ವಿವಾದದ ಗಂಟು ಇರುವುದು ಇಲ್ಲಿ. ಕದ್ದಾಲಿಕೆ ಆದೇಶಕ್ಕೆ ನಮ್ಮಲ್ಲಿ ಸಹಿ ಹಾಕುವವರು ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಅದು ಸರಿಯೇ ಎಂದು ಪರಿಶೀಲಿಸುವುದು ಕಾರ್ಯದರ್ಶಿಗಳದ್ದೇ ಒಂದು ಸಮಿತಿ. 1996ರ ಡಿಸೆಂಬರ್‌ನಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾತ್ಕಾಲಿಕ ರಕ್ಷಣೆಯಾಗಿ ಹೇಳಿಕೊಟ್ಟ ಏರ್ಪಾಡು ಇದು. ಎಷ್ಟು ಗಟ್ಟಿ ರಕ್ಷಣೆ? ದತ್ತಾಂಶ ರಕ್ಷಣೆ ಕುರಿತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಬರೆದಂತೆ, ಎರಡು ತಿಂಗಳಿಗೊಮ್ಮೆ ಸೇರುವ ಈ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಗೂ 15,000ದಿಂದ 18,000 ಆದೇಶಗಳು ಬರುತ್ತವೆ. ಒಂದಕ್ಕೆ ಒಂದೇ ನಿಮಿಷ ಎಂದುಕೊಂಡರೂ 250 ಗಂಟೆ ಎದ್ದೇಳದೆ ಕೂರಬೇಕು. ಅದರ ಮೇಲೆ ಕಂಪ್ಯೂಟರು, ಫೋನುಗಳಲ್ಲಿನ ಮಾಹಿತಿಯನ್ನು ಬಿಡಿಸಿ ನೋಡಲು ಐಟಿ ಕಾಯ್ದೆಯ 69ನೇ ಸೆಕ್ಷನ್ ಬೇರೆ. ಬಿಡಿಸಲು ಸಹಕರಿಸದವರಿಗೆ ಏಳು ವರ್ಷದವರೆಗೆ ಜೈಲು. 2018ರ ಡಿಸೆಂಬರ್‌ನಲ್ಲಿ ಗೃಹ ಸಚಿವಾಲಯ ಈ ಕೆಲಸಕ್ಕೆ ಹತ್ತು ಸಂಸ್ಥೆಗಳನ್ನು ಹೆಸರಿಸಿತು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ ತೀರ್ಪಿಗೆ ಅಂಟಿಕೊಂಡಿರುವುದು ಬೆಂಗಳೂರಿನ ಹಿರಿಯರೊಬ್ಬರ ಹೆಸರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದಾಗ ಅವರ ವಯಸ್ಸು 86. ತೊಂಬತ್ತೆಂಟು ತುಂಬಿ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಕಾನೂನಿನ ಬಲ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಚಾಚಬೇಕು ಎಂಬುದು ಆ ತೀರ್ಪು ಸರ್ಕಾರಕ್ಕೆ ಹಾಕಿಕೊಟ್ಟ ಗೆರೆ. ಒಬ್ಬ ಆರೋಪಿಗಾಗಿ 53 ಕೋಟಿ ಜನರ ಸಂದೇಶಕ್ಕೆ ಗುರುತು ಅಂಟಿಸುವುದು ಆ ಗೆರೆಯ ಒಳಗೆ ಬರುತ್ತದೆಯೇ?

ಅಮೆರಿಕದಲ್ಲಿ 1968ರಿಂದಲೂ ಅಪರಾಧ ತನಿಖೆಯ ಕದ್ದಾಲಿಕೆಗೆ ನ್ಯಾಯಾಧೀಶರ ಆದೇಶ ಬೇಕು. ಬ್ರಿಟನ್ನಿನ 2016ರ ಕಾಯ್ದೆಯಲ್ಲಿ ಸಚಿವರ ಸಹಿಯ ಮೇಲೆ ನ್ಯಾಯಾಂಗ ಆಯುಕ್ತರ ಒಪ್ಪಿಗೆಯೂ ಬೀಳಬೇಕು. ನಮ್ಮ 2023ರ ದೂರಸಂಪರ್ಕ ಕಾಯ್ದೆ 138 ವರ್ಷ ಹಳೆಯ ಟೆಲಿಗ್ರಾಫ್ ಕಾಯ್ದೆಯನ್ನು ಬದಿಗೆ ಸರಿಸಿತು. ಸಂದೇಶಗಳನ್ನು ಅರ್ಥವಾಗುವ ರೂಪದಲ್ಲಿ ಒಪ್ಪಿಸಬೇಕು ಎಂಬ ಮಾತನ್ನು ಅದರ 20ನೇ ಸೆಕ್ಷನ್ನಿನಲ್ಲಿ ಹೊಸದಾಗಿ ಸೇರಿಸಿತು. ವಾಟ್ಸ್‌ಆ್ಯಪ್‌ನಂಥ ಸೇವೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಚಿವರು ಹೇಳಿದರು, ಕಾಯ್ದೆಯಲ್ಲಿ ಹಾಗೆಂದು ಬರೆಯಲಿಲ್ಲ. 2024ರ ಡಿಸೆಂಬರ್‌ನಲ್ಲಿ ಕದ್ದಾಲಿಕೆಯ ಹೊಸ ನಿಯಮಗಳೂ ಬಂದವು. ಅವುಗಳಲ್ಲೂ ಸಹಿ ಗೃಹ ಕಾರ್ಯದರ್ಶಿಯದೇ, ಪರಿಶೀಲನೆ ಕಾರ್ಯದರ್ಶಿಗಳದೇ.

ಆ ಸಹಿ ನ್ಯಾಯಾಧೀಶರದಾಗಲಿ, ಅದೂ ಒಬ್ಬ ಶಂಕಿತನ ಒಂದು ಫೋನಿಗೆ ಇಷ್ಟು ದಿನ ಎಂದು ಮಿತಿ ಬರೆದು. ಎಷ್ಟು ಆದೇಶ ಹೊರಟವು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಲಿ. ಇವೆರಡನ್ನೂ ಮಾಡದ ಸರ್ಕಾರ, ಅದು ಯಾವ ಪಕ್ಷದ್ದೇ ಇರಲಿ, ದೇಶದ ಎಲ್ಲರ ಫೋನಿಗೂ ಎರಡನೇ ಕೀಲಿಕೈ ಕೇಳಿದರೆ ಕೊಡಬಾರದು.